ಪ್ಯಾರಿಸ್‌ಗೆ ಹೋಗೋಕೆ ಲಂಡನ್ ಯಾಕೆ ಸುತ್ತಬೇಕು?

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವವರಲ್ಲಿ ಮೂರು ಪಂಗಡ. ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತೆ ಅಂತ ತಗೊಂಡವರು ಮೊದಲನೆಯವರು. ಕೆನಡಾದ ಪಿಆರ್‌ಗೆ ನಾಲ್ಕು ಪಾಯಿಂಟ್ ಜಾಸ್ತಿ ಸಿಗಲಿ ಅಂತ ಶನಿವಾರ ಭಾನುವಾರ ಕ್ಲಾಸಿಗೆ ಓಡುವವರು ಎರಡನೆಯವರು. ಯಾವುದೋ ಸಿನಿಮಾ ನೋಡಿ, ಆ ಮಾತಿನ ಓಟಕ್ಕೆ ಮರುಳಾಗಿ, ಇದು ನನಗೂ ಅರ್ಥ ಆಗಬೇಕಲ್ಲ ಅಂತ ಹೊರಟವರು ಮೂರನೆಯವರು. ನಾನು ಮೂರನೇ ಪಂಗಡದವನು. ಮೊದಲಿಬ್ಬರ ಮೇಲೆ ನನಗೇನೂ ಸಿಟ್ಟಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ನನ್ನ ತಕರಾರು ಇರೋದು ಈ ಮೂರೂ ಪಂಗಡದವರನ್ನು ಒಳಗೆ ಬಿಡೋ ಬಾಗಿಲ ಬಗ್ಗೆ.

ಆ ಬಾಗಿಲ ಹೆಸರು ಇಂಗ್ಲಿಷ್. ಪುಸ್ತಕದ ಅರ್ಥಪಟ್ಟಿ ಇಂಗ್ಲಿಷಿನಲ್ಲಿ. 'ಫ್ರೆಂಚನ್ನು ಫ್ರೆಂಚಿನಲ್ಲೇ ಕಲಿಸ್ತೀವಿ' ಅನ್ನೋ ಕಡೆಯೂ ಯಾರಿಗಾದರೂ ಡೌಟ್ ಬಂದರೆ ಉತ್ತರ ಇಂಗ್ಲಿಷಿನಲ್ಲಿ. ಸಿನಿಮಾ ಹಾಕಿದರೆ ಕೆಳಗೆ ಓಡೋ ಸಾಲೂ ಇಂಗ್ಲಿಷೇ. ನಾನು ಹೋಗುತ್ತಿದ್ದ ಒಂದು ತರಗತಿಯಲ್ಲಿ ಮೇಡಂ ಒಬ್ಬರು 'ಕನ್ನಡ ಮೀಡಿಯಂನಿಂದ ಬಂದವರಿಗೆ ಫ್ರೆಂಚ್ ಸ್ವಲ್ಪ ಕಷ್ಟ' ಅಂತ ನಗುನಗುತ್ತಲೇ ಹೇಳಿದ್ದರು. ಹತ್ತನೇ ಕ್ಲಾಸಿನ ತನಕ ಅರಕಲಗೂಡು ಕಡೆಯ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿದವನು ನಾನು. ಅದಕ್ಕೇ ಹೇಳ್ತಿದ್ದೀನಿ, ಆ ಮಾತು ಶುದ್ಧ ಸುಳ್ಳು. ಫ್ರೆಂಚ್ ಕಲಿಯೋಕೆ ಕನ್ನಡಿಗನಿಗೆ ಇಂಗ್ಲಿಷಿಗಿಂತ ಕನ್ನಡವೇ ಹೆಚ್ಚು ಸಹಾಯ ಮಾಡುತ್ತೆ. ಸುಮ್ಮನೆ ಅಭಿಮಾನಕ್ಕೆ ಹೇಳೋ ಮಾತಲ್ಲ ಇದು, ಒಂದೊಂದಾಗಿ ಲೆಕ್ಕ ಕೊಡ್ತೀನಿ.

ಮೊದಲು ಉಚ್ಚಾರಣೆ. ಇಂಗ್ಲಿಷಿನವರದು 'ಟೀ'. ಫ್ರೆಂಚರದು 'ತೇ', ನಮ್ಮ ತಟ್ಟೆಯ 'ತ', ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷಿನ 'ಟಿಕೆಟ್' ಅಲ್ಲಿ 'ತಿಕೆ'. 'ದ' ಕೂಡ ಹಾಗೇ. ಇಂಗ್ಲಿಷರು 'ಪೆನ್' ಅನ್ನುವಾಗ 'ಪ' ಜೊತೆ ಒಂದು ಉಸಿರು ಹೊರಗೆ ನುಗ್ಗುತ್ತೆ. ಫ್ರೆಂಚರ 'ಪ'ದಲ್ಲಿ ಆ ಉಸಿರಿಲ್ಲ, ನಮ್ಮದರಲ್ಲೂ ಇಲ್ಲ. ಇಂಗ್ಲಿಷ್ ಮಾತಾಡೋರು ತಿಂಗಳುಗಟ್ಟಲೆ ತಿದ್ದಿಕೊಳ್ಳೋ ವ್ಯಂಜನಗಳು ನಮಗೆ ಅಂಗನವಾಡಿಯಲ್ಲೇ ಬಂದಿವೆ. ನಾವು ಮಾಡೋದೇನು? ಬಾಯಲ್ಲಿರೋ 'ತ'ವನ್ನು ಬಿಟ್ಟು, ಇಂಗ್ಲಿಷ್ ಅಕ್ಷರ ನೋಡಿ 'ಟ' ಅಂತೀವಿ. ಹೌದು, ಗಂಟಲಿನ ಆಳದಿಂದ ಬರೋ 'ರ', ಮೂಗಿನಲ್ಲಿ ಗುಂಯ್ ಅನ್ನೋ ಸ್ವರಗಳು, ತುಟಿಯನ್ನ 'ಊ'ಗೆ ಇಟ್ಟು ಒಳಗೆ 'ಈ' ಅನ್ನಬೇಕಾದ ಸ್ವರ, ಇವು ಕನ್ನಡದಲ್ಲಿಲ್ಲ. ಇಂಗ್ಲಿಷಿನಲ್ಲಿ ಇದೆಯಾ? ಅಲ್ಲೂ ಇಲ್ಲ.

ಆಮೇಲೆ ಸಂಧಿ. ಫ್ರೆಂಚ್ ಕಲಿಯುವವರು ಹೆದರಿ ಸಾಯೋದು ಇಲ್ಲೇ. 'ಲ' ಮತ್ತು 'ಆಮಿ' ಸೇರಿದರೆ 'ಲಾಮಿ', ಅಂದರೆ ಗೆಳೆಯ. ಮಧ್ಯದ ಸ್ವರ ಬಿದ್ದುಹೋಯ್ತು. ಮಾತು, ಅಲ್ಲಿ, ಮಾತಲ್ಲಿ. ಲೋಪಸಂಧಿ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರಲ್ಲ, ಅದೇ. 'ಅವನ ಹತ್ತಿರ ಇದೆಯಾ' ಅನ್ನೋ ಪ್ರಶ್ನೆಯಲ್ಲಿ 'ಆ', 'ಇಲ್' ಅನ್ನೋ ಎರಡು ಸ್ವರಗಳು ಡಿಕ್ಕಿ ಹೊಡೀಬಾರದು ಅಂತ ಮಧ್ಯೆ ಒಂದು 'ತ' ಬಂದು ಕೂತು 'ಆತಿಲ್' ಆಗುತ್ತೆ. ಮನೆ, ಅನ್ನು, ಮನೆಯನ್ನು. ಇದು ಆಗಮಸಂಧಿ. ಎರಡು ಭಾಷೆಯ ವ್ಯಾಕರಣ ಒಂದೇ ಅಂತ ನಾನು ಹೇಳ್ತಿಲ್ಲ. ಪದಗಳು ಒಂದಕ್ಕೊಂದು ತಾಗಿದಾಗ ಬದಲಾಗ್ತವೆ ಅನ್ನೋ ತಿಳಿವಳಿಕೆ ನಮ್ಮಲ್ಲಿ ಆಗಲೇ ಇದೆ ಅಂತಿದ್ದೀನಿ. ಅದನ್ನ ಕ್ಲಾಸಿನಲ್ಲಿ ಯಾಕೆ ಯಾರೂ ಬಳಸಲ್ಲ?

ಮೂರನೆಯದು ನೀನು–ನೀವು. ಫ್ರೆಂಚಿನಲ್ಲಿ 'ತು' ಅಂದರೆ ನೀನು, 'ವು' ಅಂದರೆ ನೀವು. ಇಂಗ್ಲಿಷಿನಲ್ಲಿ ಪಾಪ, ಎಲ್ಲರಿಗೂ ಒಂದೇ 'ಯೂ'. ಇದನ್ನ ಅರ್ಥ ಮಾಡಿಸೋಕೆ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಣೆ ಕೊಡ್ತವೆ. 'ಏಕವಚನದಲ್ಲಿ ಮಾತಾಡಿಸೋದು' ಅನ್ನೋಕೆ ಫ್ರೆಂಚಿನಲ್ಲಿ 'ತುತ್ವಾಯೆ' ಅಂತ ಒಂದು ಕ್ರಿಯಾಪದವೇ ಇದೆ. 'ಏನ್ರೀ, ಏಕವಚನದಲ್ಲಿ ಮಾತಾಡ್ತೀರಾ?' ಅಂತ ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಜಗಳ ನೋಡಿದವರಿಗೆ ಇದಕ್ಕೆ ಟಿಪ್ಪಣಿ ಬೇಕಾ?

ಸಿನಿಮಾ ನೋಡುವಾಗ ಇದರ ಬೆಲೆ ಗೊತ್ತಾಗುತ್ತೆ. ಲೊರಾನ್ ಕಾಂತೆಯ 'ಆಂತ್ರ್ ಲೆ ಮ್ಯೂರ್' 2008ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಗೆದ್ದ ಚಿತ್ರ. ಪ್ಯಾರಿಸ್ಸಿನ ಒಂದು ಶಾಲೆ, ಒಬ್ಬ ಮೇಷ್ಟ್ರು, ಒಂದು ತರಗತಿ ಹುಡುಗರು. ಸುಲೇಮಾನ್ ಅನ್ನೋ ಹುಡುಗ ಸಿಟ್ಟಿನಲ್ಲಿ ಮೇಷ್ಟ್ರಿಗೆ 'ನೀನು' ಅಂದುಬಿಡ್ತಾನೆ. ಇಂಗ್ಲಿಷ್ ಸಾಲಿನಲ್ಲಿ ಅದು ಬರೀ 'ಯೂ'. ಕನ್ನಡದಲ್ಲಿ ಬರೆದಿದ್ದರೆ ಆ ಒಂದೇ ಪದಕ್ಕೆ ಥಿಯೇಟರ್ ಗಪ್‌ಚಿಪ್ ಆಗ್ತಿತ್ತು.

ಅದೇ ಚಿತ್ರದಲ್ಲಿ ಮೇಷ್ಟ್ರು ಒಂದು ಹಳೇ ಕ್ರಿಯಾರೂಪ ಕಲಿಸೋಕೆ ಹೋದರೆ ಮಕ್ಕಳು 'ಹೀಗೆ ಈಗ ಯಾರು ಮಾತಾಡ್ತಾರೆ?' ಅಂತ ತಿರುಗಿ ಬೀಳ್ತವೆ. ಮನೆಯಲ್ಲಿ 'ಓಯ್ತೀನಿ' ಅಂದು ಶಾಲೆಯಲ್ಲಿ 'ಹೋಗುತ್ತೇನೆ' ಅಂತ ಬರೆದವರಿಗೆ ಈ ಜಗಳ ಹೊಸದಲ್ಲ. ಅಬ್ದೆಲ್ಲತೀಫ್ ಕೆಶೀಶ್‌ನ 'ಲೆಸ್ಕೀವ್' (2003) ಇನ್ನೂ ಒಂದು ಹೆಜ್ಜೆ ಮುಂದೆ. ಪ್ಯಾರಿಸ್ ಹೊರವಲಯದ ಅಪಾರ್ಟ್‌ಮೆಂಟ್ ಬ್ಲಾಕುಗಳ ಹುಡುಗರು 18ನೇ ಶತಮಾನದ ಮಾರಿವೋನ ನಾಟಕವನ್ನ ಶಾಲೆಗೋಸ್ಕರ ಅಭ್ಯಾಸ ಮಾಡ್ತಾರೆ. ಒಂದು ಕ್ಷಣ ನಾಟಕದ ನಯವಾದ ಮಾತು, ಮರುಕ್ಷಣ ಬೀದಿಯ ಬಿರುಸು ಮಾತು. ಮುಂದಿನ ಅಕ್ಷರ ಹಿಂದೆ, ಹಿಂದಿನದು ಮುಂದೆ ಮಾಡಿ ಆಡೋ 'ವೆರ್ಲಾಂ' ಅನ್ನೋ ಗುಟ್ಟು ಭಾಷೆ ಆ ಬೀದಿಗಳದು. 'ಫಾಮ್' ಅನ್ನೋ ಹೆಂಗಸು ಅಲ್ಲಿ 'ಮಫ್' ಆಗ್ತಾಳೆ. ನಮ್ಮೂರ ಬಯಲಾಟದಲ್ಲಿ ದುರ್ಯೋಧನ ಗ್ರಾಂಥಿಕದಲ್ಲಿ ಗುಡುಗಿ, ಪರದೆ ಹಿಂದೆ ಬಂದು 'ಬೀಡಿ ಕೊಡ್ಲಾ' ಅಂದ ಹಾಗೆ.

ಇನ್ನು 'ಬ್ಯಾಂವನ್ಯು ಶೇ ಲೆ ಶ್ತೀ' (2008). ಫ್ರಾನ್ಸಿನಲ್ಲಿ 2 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ ಚಿತ್ರ. ದಕ್ಷಿಣದ ಅಂಚೆ ಅಧಿಕಾರಿಯೊಬ್ಬ ಕಡಲತೀರದ ಊರಿಗೆ ವರ್ಗ ಗಿಟ್ಟಿಸೋಕೆ ಅಂಗವಿಕಲನ ನಾಟಕ ಆಡಿ ಸಿಕ್ಕಿಬಿದ್ದು, ಶಿಕ್ಷೆಯಾಗಿ ಉತ್ತರದ ಬೆರ್ಗ್ ಅನ್ನೋ ಊರಿಗೆ ಹೋಗ್ತಾನೆ. ಅಲ್ಲಿನವರ 'ಸ' ಎಲ್ಲ 'ಶ'. 'ಅವರದು' ಅಂದದ್ದು ಇವನ ಕಿವಿಗೆ 'ನಾಯಿಗಳದು' ಅಂತ ಕೇಳುತ್ತೆ. ಮೈಸೂರು ಕಡೆಯ ನೌಕರನಿಗೆ ಬೀದರಿಗೆ ವರ್ಗವಾದರೆ ಮನೆಯವರು ಅಳೋದು, ಆರು ತಿಂಗಳಾದ ಮೇಲೆ ಅವನು ಅಲ್ಲಿಂದ ಬರೋಕೆ ಒಪ್ಪದೇ ಇರೋದು, ನಮಗೆ ಗೊತ್ತಿರೋ ಕತೆಯೇ ತಾನೆ? ಈ ನುಡಿಯ ಆಟವನ್ನ ಇಂಗ್ಲಿಷಿಗೆ ತರೋಕೆ ತಿಣುಕಬೇಕು. ಮಂಡ್ಯ, ಧಾರವಾಡ, ಕಲಬುರಗಿ, ಮಂಗಳೂರು ಅಂತ ಇಷ್ಟು ಬಗೆ ಮಾತಿರೋ ನಮಗೆ ದಾರಿ ಎಷ್ಟೊಂದಿವೆ!

'ಕನ್ನಡಕ್ಕೇ ದಿಕ್ಕಿಲ್ಲ, ನಿನಗೆ ಫ್ರೆಂಚ್ ಬೇರೆ' ಅನ್ನೋ ಗೆಳೆಯರಿಗೆ ಒಂದು ಮಾತು. ಕನ್ನಡಕ್ಕೆ ದಿಕ್ಕಿಲ್ಲದೆ ಹೋಗೋದು ನಾವು ಫ್ರೆಂಚ್ ಕಲಿತಾಗಲ್ಲ. ಜಗತ್ತಿನ ಯಾವುದನ್ನೇ ಆಗಲಿ ಇಂಗ್ಲಿಷಿನಲ್ಲಿ ಮಾತ್ರ ತಿಳಿಯಬಹುದು ಅಂತ ಒಪ್ಪಿಕೊಂಡಾಗ. ಒಂದು ಭಾಷೆಗೆ ಬೇರೆ ಭಾಷೆಗಳ ಜೊತೆ ನೇರ ನಂಟು ಇದ್ದಷ್ಟೂ ಅದಕ್ಕೆ ಬಲ. ಮಧ್ಯವರ್ತಿಯ ಕೈಗೆ ಕೊಟ್ಟರೆ ರೈತನಿಗೆ ಏನು ಸಿಗುತ್ತೆ ಅನ್ನೋದನ್ನ ಯಾವ ಎಪಿಎಂಸಿಯಲ್ಲಾದರೂ ಹೋಗಿ ಕೇಳಿ.

'ಕನ್ನಡ ಸಬ್‌ಟೈಟಲ್ ಯಾರು ನೋಡ್ತಾರೆ ಗುರು, ಫೆಸ್ಟಿವಲ್‌ಗೆ ಬರೋರಿಗೆಲ್ಲ ಇಂಗ್ಲಿಷ್ ಬರುತ್ತೆ' ಅನ್ನೋದು ಇನ್ನೊಂದು ವಾದ. ಬಾಗಿಲಿಗೆ ಬೀಗ ಹಾಕಿ, ಯಾರೂ ಒಳಗೆ ಬರ್ತಿಲ್ಲ ನೋಡಿ ಅಂದ ಹಾಗಾಯ್ತು. ಇಂಗ್ಲಿಷ್ ಓದೋಕೆ ಬರದವರು ಬರದೇ ಇರೋದಕ್ಕೆ ಆ ಸಬ್‌ಟೈಟಲೇ ಒಂದು ಕಾರಣ. ಕಾನ್ ಉತ್ಸವದ ಅಧಿಕೃತ ವಿಭಾಗಗಳಲ್ಲಿ ಬೇರೆ ಭಾಷೆಯ ಸಿನಿಮಾ ಹಾಕಿದರೆ ಫ್ರೆಂಚ್ ಸಬ್‌ಟೈಟಲ್ ಕಡ್ಡಾಯ. 2024ರಲ್ಲಿ ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ಅಲ್ಲಿ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು. ನಮ್ಮ ಕನ್ನಡ ಅಲ್ಲಿಗೆ ಹೋದರೆ ಅವರ ಭಾಷೆಯಲ್ಲಿ ಓದಿಕೊಳ್ತಾರೆ. ಅವರ ಫ್ರೆಂಚ್ ಇಲ್ಲಿಗೆ ಬಂದರೆ, ಕರ್ನಾಟಕ ಸರ್ಕಾರದ ದುಡ್ಡಿನಲ್ಲಿ ನಡೆಯೋ ಬೆಂಗಳೂರು ಚಿತ್ರೋತ್ಸವದಲ್ಲೂ, ನಾವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಓದಬೇಕು. ಇದು ಯಾವ ನ್ಯಾಯ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಚಲನಚಿತ್ರ ಅಕಾಡೆಮಿ ಪ್ರತಿ ವರ್ಷ ಹತ್ತೇ ಹತ್ತು ಸಿನಿಮಾಗಳಿಗೆ, ಮೂಲ ಭಾಷೆ ಬಲ್ಲವರಿಂದ, ಕನ್ನಡ ಸಬ್‌ಟೈಟಲ್ ಬರೆಸಲಿ. ಅವೇ ಹತ್ತು ಸಿನಿಮಾ ಹಾಸನಕ್ಕೂ ರಾಯಚೂರಿಗೂ ಹೋಗಲಿ. ಫ್ರೆಂಚ್ ಕಲಿಸುವವರು ಮೊದಲ ದಿನ ಕರಿಹಲಗೆ ಮೇಲೆ ನೀನು–ನೀವು ಬರೆದು ಪಾಠ ಶುರುಮಾಡಲಿ. ಇನ್ನು ಐಟಿಯಲ್ಲಿರೋ ನಾವು. ಸಬ್‌ಟೈಟಲ್ ಫೈಲ್ ಅಂದರೆ ಏನು ಸ್ವಾಮಿ? ಒಂದು ಕ್ರಮಸಂಖ್ಯೆ, ಮಾತು ಶುರುವಾಗೋ ಹೊತ್ತು, ಮುಗಿಯೋ ಹೊತ್ತು, ಕೆಳಗೆ ಮಾತು. ನೋಟ್‌ಪ್ಯಾಡಿನಲ್ಲಿ ತೆರೆಯೋ ಬರೀ ಟೆಕ್ಸ್ಟ್. ಪ್ರೊಡಕ್ಷನ್ ಲಾಗ್‌ಗಳನ್ನ ರಾತ್ರಿಯಿಡೀ ಓದೋರಿಗೆ ಇದು ಯಾವ ಲೆಕ್ಕ? ಹಕ್ಕುದಾರರ ಒಪ್ಪಿಗೆ ಕೊಡಿಸೋ ಕೆಲಸ ಅಕಾಡೆಮಿ ಮಾಡಲಿ, ಬರೆಯೋಕೆ ನಾವಿದ್ದೀವಿ.

ಕನ್ನಡ ಮೀಡಿಯಂನವರಿಗೆ ಫ್ರೆಂಚ್ ಕಷ್ಟ ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಕಷ್ಟ ಫ್ರೆಂಚಿನದಲ್ಲ, ಮಧ್ಯದಲ್ಲಿ ನೀವು ಕಟ್ಟಿರೋ ಟೋಲ್‌ಗೇಟಿನದು.