ತಾಂತ್ರಿಕ ವಿದ್ಯಾರ್ಥಿಯ ಪಾಠಭಾರ: ಒಂದು ವಿಚಾರ

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಬಾಲಕ ಬಾಲಕಿಯರು ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲಿ ಕೆಲವರು ಎರಡನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಮೂರು ನಾಲ್ಕು ವಿಷಯಗಳನ್ನು ಬಾಕಿ ಉಳಿಸಿಕೊಂಡು, ಬಾಡಿದ ಮುಖದಿಂದ ನಮ್ಮೆದುರು ನಿಲ್ಲುತ್ತಾರೆ. ಇದಕ್ಕೆ ಬುದ್ಧಿಮಾಂದ್ಯವಾಗಲಿ ಸೋಮಾರಿತನವಾಗಲಿ ಕಾರಣವೆಂದು ನಾನು ಒಪ್ಪಲಾರೆ. ಹೊರೆಯನ್ನು ಅಳೆಯದೆ ಹೊತ್ತುದೇ ಕಾರಣ.

ಅಳೆಯುವುದೇನೂ ಕಷ್ಟವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ ಪದವಿಗೆ 160 ಕ್ರೆಡಿಟ್‌ಗಳು. ಎಂಟು ಸೆಮಿಸ್ಟರುಗಳಿಗೆ ಹಂಚಿದರೆ ಸರಾಸರಿ 20. ವಾರಕ್ಕೆ 1 ಗಂಟೆಯ ಉಪನ್ಯಾಸ ಅಥವಾ 2 ಗಂಟೆಗಳ ಪ್ರಯೋಗಕ್ಕೆ 1 ಕ್ರೆಡಿಟ್. ಉಪನ್ಯಾಸಕ್ಕೆ 15, ಪ್ರಯೋಗಕ್ಕೆ 5 ಎಂದು ಹಿಡಿದರೆ ಕಾಲೇಜಿನಲ್ಲಿಯೇ 25 ಗಂಟೆಗಳು ಕಳೆಯುವುವು. ಇಂಗ್ಲಿಷಿನ ಪಾಠವನ್ನು ನಿಘಂಟು ಹಿಡಿದು ಅರ್ಥ ಮಾಡಿಕೊಳ್ಳಬೇಕಾದ ಹುಡುಗನಿಗೆ ಪ್ರತಿ ಉಪನ್ಯಾಸಕ್ಕೆ ಮನೆಯಲ್ಲಿ 2 ಗಂಟೆಯಾದರೂ ಬೇಕು. ಅದು 30. ಪ್ರಯೋಗದ ರೆಕಾರ್ಡು ಬರೆಯಲು 3, ದಿನಕ್ಕೆರಡು ಗಂಟೆಯಂತೆ ಆರು ದಿನದ ಬಸ್ಸಿನ ಪಯಣಕ್ಕೆ 12. ಒಟ್ಟು 70 ಗಂಟೆ! ವಾರದ 168 ಗಂಟೆಗಳಲ್ಲಿ ಇದನ್ನೂ ನಿದ್ರೆಯ 49 ಗಂಟೆಗಳನ್ನೂ ಕಳೆದರೆ ಉಳಿಯುವುದು 49. ಸ್ನಾನ, ಊಟ, ಮನೆಗೆಲಸ, ಜ್ವರ, ಜಾತ್ರೆ ಎಲ್ಲವೂ ಅದರಲ್ಲಿಯೇ ಆಗಬೇಕು.

ಇಂತಹ ಹೊರೆಯ ಮೇಲೆ ಉತ್ಸಾಹಿಯಾದ ಹುಡುಗನು ಮತ್ತೇನನ್ನೋ ಹೇರಿಕೊಳ್ಳುತ್ತಾನೆ. ಗೌರವ ಪದವಿಗೆಂದು ಸುಮಾರು 20 ಹೆಚ್ಚಿನ ಕ್ರೆಡಿಟ್‌ಗಳನ್ನು ಅಂತರ್ಜಾಲದ ಪಾಠಗಳಿಂದ ಗಳಿಸುವ ಅವಕಾಶವುಂಟು. ಒಳ್ಳೆಯದೇ. ಆದರೆ ಬಾಕಿಯಿಟ್ಟುಕೊಂಡವನಿಗೆ ಅದರ ಗೊಡವೆ ಬೇಡ. ಮೂಲ ವಿಷಯಗಳನ್ನು ವಿಶ್ವವಿದ್ಯಾಲಯವೇ ನಿಗದಿಪಡಿಸುವುದರಿಂದ ವಿದ್ಯಾರ್ಥಿಯ ಕೈಯಲ್ಲಿರುವ ಸ್ವಾತಂತ್ರ್ಯ ಅಲ್ಪ. ಹೆಚ್ಚಿನದನ್ನು ಹೊರದಿರುವುದು ಮತ್ತು ಬಾಕಿಯನ್ನು ಯಾವ ಕ್ರಮದಲ್ಲಿ ತೀರಿಸಬೇಕೆಂದು ನಿಶ್ಚಯಿಸುವುದು, ಇಷ್ಟೇ.

ಕ್ರಮದ ಮಾತಿನಲ್ಲಿ ವ್ಯಾಕರಣ ಹೇಳುವವನಿಗೂ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಯನ್ನು ಮೊದಲಿಟ್ಟು ಸಮಾಸವನ್ನು ಅನಂತರ ಇಟ್ಟನು. ಸಂಧಿ ತಿಳಿಯದವನು ಸಮಾಸವನ್ನು ಬಿಡಿಸಲಾರನು. ಅಂತೆಯೇ ಬಲಗಳ ಸಮತೋಲವನ್ನು ಹೇಳುವ ಯಂತ್ರಶಾಸ್ತ್ರ ತಿಳಿಯದೆ ವಸ್ತುಗಳ ಬಲಶಾಸ್ತ್ರವಿಲ್ಲ. ಅದು ತಿಳಿಯದೆ ಕಾಂಕ್ರೀಟು ತೊಲೆಯ ವಿನ್ಯಾಸವಿಲ್ಲ. ಆದ್ದರಿಂದ ಸುಲಭವಾದ ಬಾಕಿಯನ್ನು ಮೊದಲು ತೀರಿಸುವ ವಾಡಿಕೆ ಸಲ್ಲದು. ಮುಂದಿನ ಪಾಠಗಳಿಗೆ ತಳಹದಿಯಾದ ಗಣಿತವೋ ಯಂತ್ರಶಾಸ್ತ್ರವೋ ಮೊದಲು ತೀರಲಿ. ಮುಂದಿನ ವರ್ಷಕ್ಕೆ ಹೋಗಲು ಬಾಕಿ ವಿಷಯಗಳಿಗೆ ಇರುವ ಮಿತಿಯನ್ನು ನೋಡಿಕೊಂಡು, ಉಳಿದುದನ್ನು ಅದರ ಮರುಸೆಮಿಸ್ಟರಿಗೆ ಇಟ್ಟುಕೊಳ್ಳಬಹುದು. ಬಾಕಿ ವಿಷಯವೊಂದಕ್ಕೆ ವಾರಕ್ಕೆ 6 ಗಂಟೆ ಹಿಡಿದರೂ ಎರಡಕ್ಕೆ 12. ನಾಲ್ಕನ್ನು ಒಮ್ಮೆಗೇ ಎತ್ತಿಕೊಂಡರೆ 24. ಆ 49ರಲ್ಲಿ ಅರ್ಧ ಹೋಯಿತು.

ಇಲ್ಲಿ ಮಾನ್ಯ ದಾನಿಗಳಲ್ಲಿ ಒಂದು ನಿವೇದನೆ. ಒಂದು ವಿಷಯದಲ್ಲಿ ಅನುತ್ತೀರ್ಣನಾದರೂ ವಿದ್ಯಾರ್ಥಿವೇತನ ನಿಲ್ಲುವುದೆಂಬ ನಿಬಂಧನೆಯನ್ನು ಅನೇಕರು ಇಡುತ್ತಾರೆ. ಉದ್ದೇಶ ಸಾಧುವಾದುದೇ. ಪರಿಣಾಮ ಮಾತ್ರ ವಿಪರೀತ: ನೆರವು ತಪ್ಪೀತೆಂಬ ಭಯದಿಂದ ಹುಡುಗನು ಎಲ್ಲ ಬಾಕಿಗಳನ್ನೂ ಒಂದೇ ಪರೀಕ್ಷೆಗೆ ಕಟ್ಟುತ್ತಾನೆ, ಹಳೆಯದೂ ಹೋಗುತ್ತದೆ, ಹೊಸದೂ ಹೋಗುತ್ತದೆ. ಅದರ ಬದಲು, ಬಾಕಿಯನ್ನು ಎರಡು ಸೆಮಿಸ್ಟರುಗಳಲ್ಲಿ ತೀರಿಸುವೆನೆಂದು ವೇಳಾಪಟ್ಟಿಯನ್ನು ಬರೆದುಕೊಟ್ಟು ಅದರಂತೆ ನಡೆಯುವವನಿಗೆ ನೆರವು ಮುಂದುವರಿಯಲಿ. ಆ ಪಟ್ಟಿಯನ್ನು ಪರಿಶೀಲಿಸಲು ಕನ್ನಡ ಪಂಡಿತನು ಸಾಲನು. ಇಂಜಿನಿಯರುಗಳಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸೆಮಿಸ್ಟರಿನ ಆರಂಭದಲ್ಲಿ ಒಂದು ಭಾನುವಾರ ಪ್ರಸಾದನಿಲಯಕ್ಕೆ ಬಂದು, ಆ ಮಕ್ಕಳ ಜೊತೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು.