ಅಂಗಿಯ ಅಳತೆಯೂ ಬಟ್ಟೆಯ ಹಿಗ್ಗೂ

ಒಂದೇ ಕಾಗದದ ಮಾದರಿಯನ್ನಿಟ್ಟು ಗುರುತು ಹಾಕಿ, ಒಂದೇ ಕತ್ತರಿಯಿಂದ ಕತ್ತರಿಸಿ, ಒಂದೇ ಯಂತ್ರದಲ್ಲಿ ಹೊಲಿದ ಎರಡು ಬನಿಯನ್ ಬಟ್ಟೆಯ ಅಂಗಿಗಳ ಪೈಕಿ ಒಂದು ಮೈಗೆ ಹಿತವಾಗಿ ಒಪ್ಪಿ, ಮತ್ತೊಂದು ತೋಳಿನಲ್ಲಿ ಬಿಗಿದು, ಹೊಟ್ಟೆಯನ್ನು ಬಿಟ್ಟು ಮೇಲಕ್ಕೇರಿ ನಿಲ್ಲುವುದುಂಟು. ಇಂತಹ ಅಂಗಿಗಳನ್ನು ಮನೆಯಲ್ಲಿ ಹೊಲಿದವರಿಗೆ ಇದು ಹೊಸದಲ್ಲ. ಆಗ ಮನೆಯವರು ಆಡುವ ಮಾತೂ ಹೊಸದಲ್ಲ: ‘ಅಳತೆ ತಪ್ಪಿತು’, ‘ಕೈ ಇನ್ನೂ ಪಳಗಿಲ್ಲ’. ಈ ದೂರು ಬಹುಮಟ್ಟಿಗೆ ಅನ್ಯಾಯವಾದುದೆಂದು ನಮ್ಮ ಅಭಿಪ್ರಾಯ. ಮೈಯ ಅಳತೆ ಸರಿಯಾಗಿಯೇ ಇದ್ದಿತು. ಬಟ್ಟೆಯನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಹೆಚ್ಚುಕಡಿಮೆ ನೇರವಾಗಿ ಚಾಚಿಕೊಂಡಿರುತ್ತವೆ. ಅದನ್ನು ಎಳೆದರೆ ನೂಲೇ ಹಿಗ್ಗಬೇಕು. ಹತ್ತಿಯ ನೂಲು ಅಷ್ಟಾಗಿ ಹಿಗ್ಗದು. (ಅದೇ ಬಟ್ಟೆಯನ್ನು ಓರೆಯಾಗಿ ಎಳೆದರೆ ಎಳೆಗಳ ನಡುವಣ ಚೌಕಗಳು ವಾಲಿಕೊಂಡು ಬಟ್ಟೆ ಬಿಟ್ಟುಕೊಡುತ್ತದೆ. ನಮ್ಮ ದರ್ಜಿಗಳು ರವಿಕೆಗೆ ‘ಕ್ರಾಸ್ ಕಟಿಂಗ್’ ಮಾಡುವುದರ ಗುಟ್ಟು ಇದು.) ಹೆಣಿಗೆಯ ಬಟ್ಟೆಯ ರಚನೆಯೇ ಬೇರೆ. ಅದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಬಾಗಿ, ಒಂದು ಸಾಲಿನ ಕುಣಿಕೆ ಮತ್ತೊಂದು ಸಾಲಿನ ಕುಣಿಕೆಯೊಳಗೆ ತೂರಿಕೊಂಡಿರುತ್ತದೆ. ಎಳೆದಾಗ ನೂಲು ಹಾಗೆಯೇ ಉಳಿದು ಕುಣಿಕೆಯ ಆಕಾರ ಬದಲಾಗುತ್ತದೆ: ಅಗಲ ಹೆಚ್ಚುತ್ತದೆ, ಎತ್ತರ ಕುಗ್ಗುತ್ತದೆ. ಎದೆಯ ಸುತ್ತ ಬಿಗಿದ ಅಂಗಿ ಹೊಟ್ಟೆಯ ಮೇಲೆ ಏರುವುದು ಇದರಿಂದಲೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ರಚಿಸಿದ ಮೊದಲ ಹೆಣಿಗೆಯ ಯಂತ್ರ ಕಾಲುಚೀಲಕ್ಕಾಗಿ ಇದ್ದಿತೆಂಬುದು ಸಹಜವೇ. ದಪ್ಪವಾದ ಹಿಮ್ಮಡಿಯನ್ನು ದಾಟಿ ಹೋಗಿ ತೆಳುವಾದ ಕಣಕಾಲನ್ನು ಹಿಡಿದು ನಿಲ್ಲಬೇಕಾದ ಉಡುಪಿಗೆ ಕುಣಿಕೆಗಿಂತ ಉತ್ತಮವಾದ ರಚನೆ ಯಾವುದಿದೆ?

ಈಗ ಲೆಕ್ಕಕ್ಕೆ ಬರೋಣ. ಎದೆಯ ಸುತ್ತಳತೆ 90 ಸೆಂ.ಮೀ. ಇರುವವರಿಗೆ, ಮೈಗೆ ಅಂಟಿ ನಿಲ್ಲಲೆಂದು 80 ಸೆಂ.ಮೀ. ಸುತ್ತಿನ ಅಂಗಿಯನ್ನು ಹೊಲಿದೆವೆನ್ನಿ. ಅದು ತೊಟ್ಟೊಡನೆಯೇ ಶೇಕಡಾ 12.5ರಷ್ಟು ಹಿಗ್ಗಬೇಕಾಗುತ್ತದೆ. ರಿಬ್ ಬಟ್ಟೆ ಅಡ್ಡಲಾಗಿ ಶೇಕಡಾ 50ರಷ್ಟು ಸುಲಭವಾಗಿ ಹಿಗ್ಗುವುದಾದರೆ, ಅದರ ಶಕ್ತಿಯಲ್ಲಿ ಕಾಲುಭಾಗ ಮಾತ್ರ ವೆಚ್ಚವಾಯಿತು. ಉಸಿರೆಳೆಯಲು, ಕೈಯೆತ್ತಲು ಬೇಕಾದಷ್ಟು ಉಳಿದಿದೆ. ಒತ್ತಾಗಿ ಹೆಣೆದ ದಪ್ಪ ಇಂಟರ್‌ಲಾಕ್ ಬಟ್ಟೆ ಶೇಕಡಾ 20ಕ್ಕೇ ಹಟ ಹಿಡಿದರೆ, ಅರ್ಧಕ್ಕಿಂತ ಹೆಚ್ಚು ಆಗಲೇ ಮುಗಿದುಹೋಗಿದೆ. ಮಾದರಿ ಒಂದೇ, ಒಂದರಲ್ಲಿ ಅದು ಹಿತ, ಇನ್ನೊಂದರಲ್ಲಿ ಕಟ್ಟು.

ಒತ್ತಡದ ವಿಚಾರವೂ ಇದೆ. ದುಂಡಾದ ವಸ್ತುವಿನ ಸುತ್ತ ಎಳೆದು ಕಟ್ಟಿದ ಪಟ್ಟಿ ಅದರ ಮೇಲೆ ಹಾಕುವ ಒತ್ತಡವು ಪಟ್ಟಿಯ ಎಳೆತವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಎದೆಯನ್ನು ದುಂಡೆಂದೇ ಭಾವಿಸಿದರೆ ತ್ರಿಜ್ಯ ಸುಮಾರು 14 ಸೆಂ.ಮೀ.; 16 ಸೆಂ.ಮೀ. ಸುತ್ತಿನ ಮಣಿಕಟ್ಟಿಗೆ ಎರಡೂವರೆ ಮಾತ್ರ. ಆದ್ದರಿಂದ ಬಟ್ಟೆಯ ಎಳೆತ ಎರಡೂ ಕಡೆ ಒಂದೇ ಆಗಿದ್ದರೂ ಮಣಿಕಟ್ಟಿನ ಮೇಲೆ ಐದೂವರೆ ಪಟ್ಟು ಒತ್ತಡ ಬೀಳುತ್ತದೆ. ಎದೆಯಲ್ಲಿ ಗೊತ್ತೇ ಆಗದ ಬಿಗಿ ತೋಳಿನ ಕೊನೆಯಲ್ಲಿ ಚರ್ಮಕ್ಕೆ ಗೆರೆ ಹಾಕುವುದು ಹೀಗೆ. ಬೆನ್ನಿನ ನಡುವಣ ತಗ್ಗಿನಲ್ಲಿಯಾದರೋ ಬಟ್ಟೆ ಎಷ್ಟೇ ಬಿಗಿಯಾಗಿದ್ದರೂ ಒಳಕ್ಕಿಳಿಯದೆ ಸೇತುವೆಯಂತೆ ದಾಟಿಹೋಗುತ್ತದೆ.

ಹಿಗ್ಗಿದ ಬಟ್ಟೆ ಹಿಂದಿರುಗಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಎಳೆತಕ್ಕೆ ತಕ್ಕಂತೆ ಹಿಗ್ಗು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಉಕ್ಕಿನ ಸುರುಳಿ ಇದನ್ನು ಚೆನ್ನಾಗಿ ಪಾಲಿಸುತ್ತದೆ. ಹತ್ತಿಯ ಹೆಣಿಗೆ ಪಾಲಿಸದು. ಕುಣಿಕೆಗಳು ಒಂದರ ಮೇಲೊಂದು ಜಾರಿ ಹಿಗ್ಗಿದವು. ಹಿಂದಿರುಗಬೇಕಾದಾಗ ಅದೇ ಜಾರುವಿಕೆಗೆ ಘರ್ಷಣೆ ಅಡ್ಡಬರುತ್ತದೆ, ಬಾಗಿದ ನೂಲಿನ ಸ್ಥಿತಿಸ್ಥಾಪಕತೆಗೆ ಅದನ್ನು ಗೆಲ್ಲುವಷ್ಟು ಬಲವಿಲ್ಲ. ಸಂಜೆಯ ಹೊತ್ತಿಗೆ ಮೊಣಕೈಯಲ್ಲಿ ಚೀಲ ಮೂಡುತ್ತದೆ. 1958ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯ ಜೋಸೆಫ್ ಶೈವರ್ಸ್ ಕಂಡುಹಿಡಿದ ಸ್ಪ್ಯಾಂಡೆಕ್ಸ್ ಎಳೆ ಈ ಕೊರತೆಯನ್ನು ತುಂಬುತ್ತದೆ. ನೂರಕ್ಕೆ ಐದು ಭಾಗ ಬೆರೆತಿದ್ದರೂ ಬಟ್ಟೆಯ ನಡತೆಯೇ ಬದಲಾಗುತ್ತದೆ. ವಿಸ್ಕೋಸ್ ಜರ್ಸಿ ನುಣುಪಾಗಿ ಇಳಿಬಿದ್ದು ಅಂಗಡಿಯಲ್ಲಿ ಕಣ್ಣಿಗೆ ಸೊಗಸು. ಆದರೆ ತನ್ನ ಭಾರಕ್ಕೆ ತಾನೇ ಉದ್ದವಾಗುವ ಗುಣ ಅದಕ್ಕಿದೆ.

ಇದಕ್ಕೆ ಪರೀಕ್ಷೆ ಬಹಳ ಸುಲಭ, ಐದು ನಿಮಿಷದ್ದು. ಬಟ್ಟೆಯ ಅಂಚಿನಿಂದ ದೂರದಲ್ಲಿ ಅಡ್ಡಲಾಗಿ ಮಡಿಸಿ, ಮಡಿಕೆಯ ಮೇಲೆ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಅಳತೆಪಟ್ಟಿಯ ಮೇಲೆ ಹಿತವಾಗಿ ಎಳೆಯಿರಿ. 13ಕ್ಕೆ ಬಂದರೆ ಶೇಕಡಾ 30. ಒಂದು ನಿಮಿಷ ಹಿಡಿದಿದ್ದು ಬಿಡಿರಿ. ಮತ್ತೆ 10ಕ್ಕೆ ಬಂದರೆ ಮೈಗಂಟುವ ಅಂಗಿಗೆ ಯೋಗ್ಯ. 11ರಲ್ಲಿಯೇ ನಿಂತರೆ ಸಡಿಲವಾದ ಅಂಗಿಯನ್ನೇ ಹೊಲಿಯುವುದು ಲೇಸು. ಉದ್ದಕ್ಕೂ ಹೀಗೆಯೇ ನೋಡಿ, ಹೆಚ್ಚು ಹಿಗ್ಗುವ ದಿಕ್ಕನ್ನು ಮೈಯ ಸುತ್ತ ಬರುವಂತೆ ಇಡಬೇಕು. ಹತ್ತಿಯದಾದರೆ ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು: 70 ಸೆಂ.ಮೀ. ಉದ್ದದಲ್ಲಿ ಶೇಕಡಾ 5 ಇಳಿದರೂ ಮೂರೂವರೆ ಸೆಂ.ಮೀ. ಹೋಯಿತು.

ಕಾಗದದ ಮಾದರಿಗಳನ್ನು ಮಾರುವವರು ಎದೆ, ಸೊಂಟಗಳ ಅಳತೆಯ ಜೊತೆಗೆ ಬಟ್ಟೆ ಎಷ್ಟು ಹಿಗ್ಗಬೇಕೆಂಬುದನ್ನೂ ಅಚ್ಚುಹಾಕಲೇಬೇಕೆಂದು ನಾವು ಹೇಳುತ್ತೇವೆ. ಬಟ್ಟೆಯ ವ್ಯಾಪಾರಿಗಳು ಪನ್ನ ಎಷ್ಟೆಂದು ಹೇಳುವಂತೆ ಹಿಗ್ಗು ಎಷ್ಟೆಂದೂ ಹೇಳಬಹುದು. ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳೋಣ. ಭೌತಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ನಾವು ಹುಕ್‌ನ ನಿಯಮವನ್ನು ಪಾಲಿಸುವ ವಸ್ತುಗಳನ್ನೇ ಆರಿಸಿ ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ. ಬನಿಯನ್ ಬಟ್ಟೆಯ ಪ್ರಯೋಗ ಹೊಲಿಗೆಯ ತರಗತಿಗೆ ಸೇರಿದ್ದೆಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ, ಒಪ್ಪುವುದಿಲ್ಲ. 5 ಸೆಂ.ಮೀ. ಅಗಲದ ಪಟ್ಟಿಯೊಂದನ್ನು ತೂಗುಹಾಕಿ, 50 ಗ್ರಾಂಗಳಂತೆ ತೂಕವನ್ನು ಏರಿಸುತ್ತ, ಅನಂತರ ಇಳಿಸುತ್ತ ಉದ್ದವನ್ನು ಬರೆದುಕೊಂಡರೆ ಏರುವ ರೇಖೆಯೂ ಇಳಿಯುವ ರೇಖೆಯೂ ಒಂದರ ಮೇಲೊಂದು ಕೂಡುವುದಿಲ್ಲ. ಅವುಗಳ ನಡುವಣ ಕ್ಷೇತ್ರಫಲವೇ ಘರ್ಷಣೆಯಲ್ಲಿ ಶಾಖವಾಗಿ ಹೋದ ಶಕ್ತಿ. ಪಟ್ಟಿಯನ್ನು ಇಂಟರ್‌ಲಾಕ್ ಬಟ್ಟೆಯಿಂದಲೇ ಕತ್ತರಿಸಬೇಕು. ಜರ್ಸಿಯಾದರೆ ಅಂಚುಗಳು ಸುರುಳಿ ಸುತ್ತಿಕೊಂಡು ಅಳತೆಗೆ ತೊಡಕಾಗುತ್ತದೆ.