ತುಕ್ಕು, ಸೀಸ ಮತ್ತು ಎಂಟು ದಿನ

ನಮ್ಮ ಕಡೆ ಲಾರಿಗೆ ಬಣ್ಣ ಹೊಡೆಸುವುದು ಶೋಕಿಗಲ್ಲ. ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಗೆ ಸಮುದ್ರವೇ ನೆರೆಮನೆ. ಅದರಲ್ಲೂ ಮೀನಿನ ಗಾಡಿಯಾದರೆ ಹೊರಗಿನಿಂದ ಉಪ್ಪುಗಾಳಿ, ಒಳಗಿನಿಂದ ಐಸ್ ಕರಗಿ ಸೋರುವ ಮೀನಿನ ನೀರು. ಹುಬ್ಬಳ್ಳಿಯಲ್ಲಿ ಬಹುಕಾಲ ಬಾಳುವ ತಗಡು ಇಲ್ಲಿ ನಾಲ್ಕು ಮಳೆಗಾಲಕ್ಕೆ ಹಪ್ಪಳ. ಅಂಕೋಲೆಯವರು 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದರು, ಈಗ ಉಪ್ಪೇ ನಮ್ಮ ಗಾಡಿಯ ಮೇಲೆ ಸತ್ಯಾಗ್ರಹ ಹೂಡಿದೆ ಎನ್ನುವುದು ನನ್ನ ಮೈದುನನ ಹಳೆಯ ತಮಾಷೆ.

ಅವನದು ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ 407. ಬೈತಖೋಲದ ಬಂದರಿನಲ್ಲಿ ಮೀನು ತುಂಬಿ ಘಟ್ಟ ಹತ್ತಿಸುತ್ತಾನೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಈ ಸಲ ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಮಡ್‌ಗಾರ್ಡು, ಹಿಂದಿನ ಹಲಗೆಯ ಮೂಲೆ ಎಲ್ಲ ತುಕ್ಕು. ಎಫ್.ಸಿ. ತಪ್ಪಿದರೆ ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗಿಳಿಯುವಾಗ ಗಾಡಿ ನಮ್ಮ ಅಂಗಳದಲ್ಲಿ ನಿಂತಿರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಪೇಂಟರ್ ಹೇಳಿದ ಲೆಕ್ಕದಲ್ಲಿ ಅರ್ಧ ಹಣ ಬಣ್ಣಕ್ಕಲ್ಲ, ಉಜ್ಜುವ ಕೂಲಿಗೆ. ಹಾಗಾಗಿ ಉಜ್ಜಿ ಪ್ರೈಮರ್ ಹಾಕುವವರೆಗೆ ಮನೆಯಲ್ಲಿ, ಮುಂದಿನದು ಅವನ ಶೆಡ್ಡಿನಲ್ಲಿ ಎಂದು ತೀರ್ಮಾನವಾಯಿತು.

ತೊಡಕು ಇದ್ದದ್ದು ಕಾಲದಲ್ಲಿ. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಗಾಡಿಗೆ ಬಿಡುವು ಸಿಗುವುದೇ ಆಗ, ಮಳೆ ಹಿಡಿಯುವುದೂ ಆಗಲೇ. ಒದ್ದೆ ಗಾಳಿಯಲ್ಲಿ ಉಜ್ಜಿ ಹೊಳೆಯಿಸಿದ ಕಬ್ಬಿಣ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ. ಮೇ ಕೊನೆಯಲ್ಲಿ ಮೀನು ಕಡಿಮೆಯಾಗಿ ಬಾಡಿಗೆ ನಿಂತ ಮೇಲೆ ನಮ್ಮ ಕೈಲಿ ಉಳಿದದ್ದು ಎಂಟು ದಿನ.

"ಗ್ರೈಂಡರ್ ತರ್ತೆ ಅತ್ತಿಗೆ, ಎರಡೇ ದಿನದ ಕೆಲಸ" ಎಂದ ಮೈದುನ. ನಾನು ಬೇಡವೆಂದೆ. ಕಾರಣ, ಬಾಗಿಲಿನ ಹಸಿರು ಬಣ್ಣ ಎದ್ದಲ್ಲಿ ಒಳಗೆ ನೀಲಿ, ನೀಲಿಯ ಒಳಗೆ ಹಳದಿ. ಆ ಹಳದಿಯೇ ನನ್ನ ತಲೆ ಕೆಡಿಸಿದ್ದು.

ಬಿಸಿಲಿಗೆ ಮಾಸದ ಗಟ್ಟಿ ಹಳದಿಗೆ ಬಹುಕಾಲದಿಂದ ಬಳಸುತ್ತ ಬಂದ ವಸ್ತು ಲೆಡ್ ಕ್ರೋಮೇಟ್, ಅಂದರೆ ಸೀಸದ ಸಂಯುಕ್ತ. ಅಮೆರಿಕದಲ್ಲಿ 1939ರಲ್ಲಿ ಶಾಲಾ ಬಸ್ಸುಗಳಿಗೆಂದು ಗೊತ್ತುಮಾಡಿದ ಹಳದಿಯ ಹೆಸರಿನಲ್ಲಿರುವ 'ಕ್ರೋಮ್' ಕೂಡ ಇದೇ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಅದು ಮನೆಯ ಬಣ್ಣಕ್ಕೆ, ಲಾರಿಯ ಬಣ್ಣಕ್ಕಲ್ಲ. ಹಳೆಯ ಗಾಡಿಯ ಪದರಿನಲ್ಲಿ ಏನಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು, ಇದೆಯೆಂದೇ ಹಿಡಿದು ನಡೆಯುವುದು ಕ್ಷೇಮ. ಬಣ್ಣ ಗಾಡಿಗೆ ಅಂಟಿಕೊಂಡಿರುವಷ್ಟು ದಿನ ತಂಟೆಯಿಲ್ಲ. ಗ್ರೈಂಡರ್ ಹಿಡಿದರೆ ಪುಡಿಯಾಗಿ ಹಾರುತ್ತದೆ, ಗ್ಯಾಸಿನ ಬೆಂಕಿಯಲ್ಲಿ ಸುಟ್ಟರೆ ಹೊಗೆಯಾಗಿ ಮೂಗಿಗೆ ಹೋಗುತ್ತದೆ.

ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಅದು ನೇರ ಪೆಟ್ಟು. ಇಷ್ಟಿದ್ದರೆ ಅಡ್ಡಿಯಿಲ್ಲ ಎನ್ನುವ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಮಾತನ್ನು ಹೇಳುತ್ತಲೇ ಆಯುಷ್ಯ ಕಳೆದರು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು. ಹಳೆಯ ಬಣ್ಣದ ಸೀಸ ಗೋಡೆಯಲ್ಲಿ, ಕಿಟಕಿಯಲ್ಲಿ, ತೊಟ್ಟಿಲಿನಲ್ಲಿ ಇನ್ನೂ ಕೂತಿದೆ.

ನಮ್ಮ ಅಂಗಳದಲ್ಲೋ, ಬಾವಿ, ಕೋಳಿ, ಒಣ ಹಾಕಿದ ಮೆಣಸು, ನಾಲ್ಕು ಮಕ್ಕಳು. "ನಮ್ಮ ಮಕ್ಕಳು ಲಾರಿ ಅಡಿಗೇ ಆಡಿ ಬೆಳೆದ್ವು, ಎಂತಾ ಆಯ್ತು?" ಎಂದರು ಅತ್ತೆ. ವಾದಕ್ಕೆ ನಿಲ್ಲಲಿಲ್ಲ. ಮಕ್ಕಳನ್ನು ಕೋಡಿಬಾಗದ ನನ್ನ ತವರಿಗೆ ಬಸ್ಸು ಹತ್ತಿಸಿದೆ. ಎಂಟನೇ ತರಗತಿಯ ದೊಡ್ಡವನು ಮುಖ ಊದಿಸಿಕೊಂಡೇ ಹೋದ. ಗಾಡಿಯನ್ನು ಬಾವಿಯಿಂದ ದೂರ, ಗಾಳಿ ಮನೆಯತ್ತ ಬೀಸದ ಕಡೆ ನಿಲ್ಲಿಸಿ, ಅಡಿಗೆ ಹಳೆಯ ತಾಡಪತ್ರಿ ಹಾಸಿದೆವು.

ಇನ್ನು ಕೆಲಸ. ಉಜ್ಜುವ ಮೊದಲು ತೊಳೆಯಬೇಕು, ಇದನ್ನು ಬಿಡುವವರೇ ಬಹಳ. ಜಿಡ್ಡು, ಉಪ್ಪು ಇರುವಾಗ ಉಜ್ಜಿದರೆ ಅದನ್ನು ಗೀರುಗಳೊಳಗೆ ತುರುಕಿದಂತಾಗುತ್ತದೆ, ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಸೋಪಿನಲ್ಲಿ ಒಮ್ಮೆ, ಸಿಹಿನೀರಿನಲ್ಲಿ ಮೂರು ಸಲ ತೊಳೆದೆವು. ಕನ್ನಡಿ, ನಂಬರ್ ಪ್ಲೇಟು ಬಿಚ್ಚಿ, ಗಾಜಿಗೆ, ರಬ್ಬರಿಗೆ ಹಳೆಯ ಪೇಪರು ಅಂಟಿಸಿದೆವು.

ಎಲ್ಲ ಬಣ್ಣವನ್ನೂ ಕೆರೆದು ತೆಗೆಯಬೇಕೆಂಬುದು ತಪ್ಪು ತಿಳಿವಳಿಕೆ. ಗಟ್ಟಿಯಾಗಿರುವ ಹಳೆಯ ಬಣ್ಣದ ಹೊಳಪು ಹೋಗಿ ಮಂಕಾದರೆ ಸಾಕು, ಹೊಸದಕ್ಕೆ ಹಿಡಿತ ಸಿಗುತ್ತದೆ. ತುಕ್ಕು ಇರುವಲ್ಲಿ ಮಾತ್ರ ವೈರ್ ಬ್ರಷ್ಷು, 80 ನಂಬರಿನ ಪೇಪರು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ. ನಂತರ 120, 220. ನಂಬರು ಏರಿದಷ್ಟೂ ಪೇಪರು ನಯ. ಹಳೆಯ ಬಣ್ಣ ಮುಗಿದು ಕಬ್ಬಿಣ ಶುರುವಾಗುವ ಅಂಚನ್ನು ಕಣ್ಣು ಮುಚ್ಚಿ ಬೆರಳಾಡಿಸಿ ನೋಡಬೇಕು. ಮೆಟ್ಟಿಲು ತಾಗಿದರೆ ಇನ್ನೂ ಉಜ್ಜಬೇಕು.

ದೂಳು ಏಳದಂತೆ ವಾಟರ್ ಪೇಪರಿನಲ್ಲಿ ನೀರು ಹಚ್ಚುತ್ತಲೇ ಉಜ್ಜಿದೆವು. ನೀರು ಅಂದರೆ ಕಬ್ಬಿಣಕ್ಕೆ ತುಕ್ಕು. ಆದ್ದರಿಂದ ಒಂದು ಮೊಳ ಜಾಗ ಉಜ್ಜುವುದು, ಒರೆಸುವುದು, ಬಿಸಿಲಿಗೆ ಒಣಗಿಸುವುದು, ಬರಿ ಕಬ್ಬಿಣಕ್ಕೆ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್. ಮಕ್ಕಳೇ, ಒಂದು ವಿಚಿತ್ರ ಕೇಳಿ: ಆ ಪ್ರೈಮರಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ, ತುಕ್ಕಿನ ದಾಯಾದಿ. ತುಕ್ಕು ಬಾರದಿರಲಿ ಎಂದು ಹಚ್ಚುವುದು ಅದನ್ನೇ! ಪುಟ್ಟಿ ಮಾತ್ರ ನೀರು ಕುಡಿದು ಕಬ್ಬಿಣಕ್ಕೆ ದಾಟಿಸುತ್ತದೆ. ಹೊಸದಾಗಿ ತುಂಬಿದ ಪುಟ್ಟಿಯನ್ನು ಒಣದಾಗಿಯೇ ಉಜ್ಜಿದೆವು, ಮೂಗಿಗೆ ಮಾಸ್ಕು ಕಟ್ಟಿ. ಬಾಯಿಗೆ ಸುತ್ತಿದ ಟವೆಲ್ಲು ಇದಕ್ಕೆ ಸಾಲದು.

ತಾಡಪತ್ರಿಯ ಮೇಲೆ ನಿಂತ ಬಣ್ಣದ ಕೆಸರನ್ನು ತೆಂಗಿನ ಬುಡಕ್ಕೆ ಹಾಕಲು ಅತ್ತೆ ಹೊರಟಿದ್ದರು. ಅದನ್ನು ಡಬ್ಬಿಗೆ ಬಳಿದು ಬಿಗಿಯಾಗಿ ಮುಚ್ಚಳ ಹಾಕಿದೆ. ಮೈದುನನ ಬಟ್ಟೆ ಬೇರೆ ಬಕೆಟ್ಟಿನಲ್ಲಿ. ಮಿಂದೇ ಊಟಕ್ಕೆ ಬರಬೇಕೆಂದು ಕರಾರು. ಐದನೆಯ ದಿನ "ನಿಮ್ಮದು ಗಾಡಿ ಕೆಲಸವೋ ಮಡಿಯೋ?" ಎಂದು ಸಿಡುಕಿದ, ಆದರೆ ಮಿಂದ.

ಆರನೆಯ ದಿನ ಹಿಂದಿನ ಹಲಗೆಯ ನೀಲಿ ಪದರು ಹೋದಾಗ 'ಶ್ರೀ ಸಿದ್ಧಾರೂಢ ಪ್ರಸನ್ನ' ಎಂಬ ಅಕ್ಷರಗಳು ಮೂಡಿದವು. ಮೊದಲ ಮಾಲೀಕ ಬರೆಸಿದ್ದು. ಮೈದುನ ಪೇಪರು ಕೆಳಗಿಟ್ಟು, ಅದರ ಸುತ್ತ ಉಜ್ಜಿ ಅಕ್ಷರಗಳನ್ನು ಕೊನೆಗುಳಿಸಿದ. ಅತ್ತೆ ಒಂದು ದಾಸವಾಳ ತಂದಿಟ್ಟ ಮೇಲೆ ಅವೂ ಹೋದವು.

ಏಳನೆಯ ದಿನ ಸಂಜೆ ಗೋಕರ್ಣದ ದಿಕ್ಕಿನಲ್ಲಿ ಕಪ್ಪು ಮೋಡ. ಪ್ರೈಮರ್ ಮಳೆ ತಡೆಯುವ ಪದರಲ್ಲ, ನೀರು ಇಳಿಯುತ್ತದೆ. ಮೈದುನ ಪೇಂಟರಿಗೆ ಫೋನು ಮಾಡಿ, ಒಂದು ದಿನ ಮೊದಲೇ ಗಾಡಿಯನ್ನು ಅವನ ಶೆಡ್ಡಿಗೆ ಸೇರಿಸಿದ. ರಾತ್ರಿ ಮಳೆ ಹನಿಯಿತು. ಮರುದಿನ ಅಂಗಳ ತೊಳೆದು, ಮಧ್ಯಾಹ್ನದ ಬಸ್ಸಿಗೆ ಮಕ್ಕಳನ್ನು ಕರೆತರಲು ಕಾರವಾರಕ್ಕೆ ಹೊರಟೆ. ಹಿಂದಿನ ಹಲಗೆಯಲ್ಲಿ ಯಾರ ಹೆಸರು ಬರೆಸಬೇಕು ಎಂಬ ಜಗಳ ಕೋಡಿಬಾಗದಲ್ಲೇ ಶುರುವಾಗಿತ್ತು. ನಾಲ್ಕೂ ಹೆಸರು ಹಿಡಿಸುವಷ್ಟು ಜಾಗವಿದೆಯೇ ಎಂದು ದೊಡ್ಡವನು ಟೇಪು ಹಿಡಿದು ಅಳೆಯಲು ಹೋಗಿದ್ದಾನೆ.